ಒತ್ತಕ್ಷರಕ್ಕೆ ಜಾಗ

ನಮ್ಮ ಮನೆಗೆ ಬಣ್ಣದ ಟೀವಿ ಬರುವುದಕ್ಕೆ ಮೊದಲೇ ಬಣ್ಣದ ಕಂಪ್ಯೂಟರ್ ಬಂದಿತ್ತು ಎಂದರೆ ಈಗಿನವರು ನಗುತ್ತಾರೆ. ಬಂದದ್ದು ನಿಜ. ಇದ್ದದ್ದು ಮಾತ್ರ ನಾಲ್ಕೇ ದಿನ. ಐದನೆಯ ದಿನ ಪೆಟ್ಟಿಗೆ ಮನೆಯಲ್ಲೇ ಉಳಿಯಿತು, ಬಣ್ಣ ಬೆಂಗಳೂರಿಗೆ ವಾಪಸು ಹೋಯಿತು. ಹಾಗೆ ಕಳಿಸಿದವಳು ನಾನು. ನನ್ನ ತಮ್ಮ ಆ ಸಿಟ್ಟನ್ನು ಎಷ್ಟು ಕಾಲ ಇಟ್ಟುಕೊಂಡಿದ್ದನೆಂದರೆ, ನನ್ನ ಮದುವೆಯಲ್ಲಿ ಧಾರೆ ಸೀರೆಯ ಬಣ್ಣ ಆರಿಸುವಾಗಲೂ "ಅಕ್ಕನಿಗೆ ಬಣ್ಣ ಯಾಕೆ, ಕಪ್ಪಿನ ಮೇಲೆ ಹಳದಿ ಇದ್ದರೆ ಸಾಕು" ಎಂದು ಎಲ್ಲರೆದುರು ಆಡಿಕೊಂಡಿದ್ದ.

ಅದು 1991. ನನಗೆ 22 ವರ್ಷ. ಬಿ.ಎ. ಮುಗಿದಿತ್ತು, ಬಿ.ಎಡ್.ಗೆ ಸೀಟು ಸಿಕ್ಕಿರಲಿಲ್ಲ. ನಮ್ಮದು ಶೆಟ್ಟಿಕೆರೆ. ತಾಲ್ಲೂಕು ಚಿಕ್ಕನಾಯಕನಹಳ್ಳಿಯಾದರೂ ನಮ್ಮ ಮನೆಯ ವ್ಯವಹಾರವೆಲ್ಲ ತಿಪಟೂರಿನದು. ಕೊಬ್ಬರಿ ಮಾರುವುದು ಅಲ್ಲಿ, ಹಬ್ಬದ ಬಟ್ಟೆ ಅಲ್ಲಿ, ನಾನು ಕಾಲೇಜು ಓದಿದ್ದೂ ಅಲ್ಲೇ. ಸುಮ್ಮನೆ ಮನೆಯಲ್ಲಿ ಕೂತರೆ ಗಂಡು ನೋಡುವ ಮಾತು ಬಿಟ್ಟು ಬೇರೆ ಮಾತೇ ಇರುವುದಿಲ್ಲವೆಂದು ತಿಪಟೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಆರು ತಿಂಗಳ ಕೋರ್ಸಿಗೆ ಸೇರಿಕೊಂಡೆ. ಅಪ್ಪ ಬೇಡವೆನ್ನಲಿಲ್ಲ. ಬಸ್ಸಿನ ಪಾಸು ಹೇಗೂ ಕಾಲೇಜಿನ ಕಾಲದಿಂದ ರೂಢಿಯಾಗಿತ್ತಲ್ಲ.

ಆ ಕೇಂದ್ರದಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಮೂರರ ಪರದೆ ಕಪ್ಪು, ಅದರ ಮೇಲೆ ಜೇನಿನ ಬಣ್ಣದ ಅಕ್ಷರ. ನಾಲ್ಕನೆಯದು ಬಣ್ಣದ್ದು. ಅದನ್ನು ಗಾಜಿನ ಬಾಗಿಲಿನ ಹತ್ತಿರ, ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಇಟ್ಟಿದ್ದರು. ಅದರ ಮುಂದೆ ಸದಾ ಹುಡುಗರು. ನಾವು ಐದು ಜನ ಹುಡುಗಿಯರಿಗೆ ಜೇನುಬಣ್ಣದ ಪರದೆಗಳೇ ಗತಿ. "ನಿಮಗೆ ಟೈಪಿಂಗು ತಾನೆ, ಅದಕ್ಕೆ ಇದು ಸಾಕು" ಎಂದಿದ್ದರು. ಟೈಪು ಮಾಡುವವರಿಗೆ ಬಣ್ಣ ಬೇಡ, ಪ್ರೋಗ್ರಾಂ ಬರೆಯುವವರಿಗೆ ಬಣ್ಣ ಬೇಕು ಎನ್ನುವುದು ಅವರ ತರ್ಕ. ಹುಡುಗರು ಅದರಲ್ಲಿ ಏನು ಬರೆಯುತ್ತಿದ್ದರೋ ಕಾಣೆ, ನನಗೆ ಕೇಳಿಸುತ್ತಿದ್ದದ್ದು ಆಟದ ಕುಂಯ್‌ಗುಟ್ಟುವ ಸದ್ದು.

ನಾನು ಕನ್ನಡ ಬೆರಳಚ್ಚಿನ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಅನಂತಸುಬ್ಬರಾಯರು ಕನ್ನಡ ಯಂತ್ರಕ್ಕೆ ಕೀಲಿಮಣೆ ರೂಪಿಸಿಕೊಟ್ಟವರು ಎಂಬುದನ್ನು ಟೈಪಿಂಗ್ ಮೇಷ್ಟ್ರು ದೇವರ ಹೆಸರಿನಂತೆ ಮೊದಲ ದಿನ ಹೇಳಿಕೊಟ್ಟಿದ್ದರು. ಆ ಯಂತ್ರದಲ್ಲಿ ಒತ್ತಕ್ಷರ ಹೊಡೆಯುವ ಕಷ್ಟ ಅದನ್ನು ಹೊಡೆದವರಿಗೇ ಗೊತ್ತು. ಹಾಗಾಗಿ ಕೇಂದ್ರದ ಮೇಷ್ಟ್ರು ಒಂದು ದಿನ ಫ್ಲಾಪಿಯಲ್ಲಿ ಕನ್ನಡದ ಪ್ರೋಗ್ರಾಂ ತಂದು ಹಾಕಿದಾಗ ನಾನು ಮೊದಲು ಹೊಡೆದದ್ದು "ಶೆಟ್ಟಿಕೆರೆ". ಟ ಎಂಬ ಅಕ್ಷರದ ಕೆಳಗೆ ಟಾವತ್ತು ತಾನಾಗಿ ಬಂದು ಕೂತಿತು. ಎರಡನೆಯದು "ಚಿಕ್ಕನಾಯಕನಹಳ್ಳಿ". ಮೂರನೆಯದು "ಲಕ್ಷ್ಮಿ". ಕ, ಅದಕ್ಕೆ ಷಾವತ್ತು, ಅದರ ಕೆಳಗೆ ಮಾವತ್ತು, ಮೇಲೆ ಗುಡಿಸು. ಒಂದೂ ಕೆಡದೆ ನಿಂತಿತು. ನಮ್ಮೂರಿನಲ್ಲಿ ಲಕ್ಷ್ಮಮ್ಮ ಇಲ್ಲದ ಬೀದಿ ಇಲ್ಲ, ಆದ್ದರಿಂದ ಈ ಒಂದು ಪದ ಸರಿಯಾಗಿ ಬಂದರೆ ಅರ್ಧ ಊರೇ ಸರಿಯಾಗಿ ಬಂದ ಹಾಗೆ.

ಒಂದು ಶನಿವಾರ ಹುಡುಗರು ಯಾರೂ ಬಂದಿರಲಿಲ್ಲ. ಆಸೆ ತಡೆಯದೆ ಬಣ್ಣದ ಪರದೆಯ ಮುಂದೆ ಕೂತು ಅದೇ ಫ್ಲಾಪಿ ಹಾಕಿ ಅದೇ ಪದ ಹೊಡೆದೆ. ಬಂದದ್ದನ್ನು ನೋಡಿ ಕಣ್ಣು ಉಜ್ಜಿಕೊಂಡೆ. ಅಕ್ಷರಗಳು ಉದ್ದಕ್ಕೆ ಎಳೆದ ಹಾಗೆ, ದುಂಡಗಿರಬೇಕಾದ ಕ ಕೋಳಿಮೊಟ್ಟೆ ನಿಲ್ಲಿಸಿದ ಹಾಗೆ. ಷಾವತ್ತು, ಮಾವತ್ತು ಎರಡೂ ಕಲೆತು ಒಂದು ಇರುವೆ ಸತ್ತು ಬಿದ್ದ ಗುರುತು. ಲಕ್ಷ್ಮಿಯೋ ಲಕ್ಕಿಯೋ ತಿಳಿಯದು. ಮೇಷ್ಟ್ರನ್ನು ಕೇಳಿದೆ. ಅವರು ಒಳ್ಳೆಯವರು, ಕೇಳಿದರೆ ಹೇಳುತ್ತಿದ್ದರು. "ಅದು ಪರದೆಯ ದೋಷ ಅಲ್ಲಮ್ಮ, ಒಳಗಿನ ಕಾರ್ಡಿನದು" ಎಂದು ತಿರುಪು ಬಿಚ್ಚಿ ತೋರಿಸಿದರು.

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಮೊಳದಷ್ಟು ಉದ್ದದ ಒಂದು ಹಲಗೆ, ಅದರ ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳು. ಆ ಹಲ್ಲುಗಳಿಂದ ಅದು ದೊಡ್ಡ ಹಲಗೆಯನ್ನು ಕಚ್ಚಿಕೊಂಡಿರುತ್ತದೆ. ಪರದೆಯ ಮೇಲೆ ಏನು ಕಾಣಬೇಕೆಂದು ತೀರ್ಮಾನಿಸುವುದು ಅದು. ಪರದೆ ಬರೀ ಕನ್ನಡಿ.

ನಾವು ಹೆಂಗಸರಿಗೆ ಇದನ್ನು ತಿಳಿಯುವುದು ಗಂಡಸರಿಗಿಂತ ಸುಲಭ, ಯಾಕೆಂದರೆ ಇದು ಚುಕ್ಕಿ ರಂಗೋಲಿಯ ಲೆಕ್ಕ. ಅದೇ ಅಂಗಳ, ಅದೇ ಅಳತೆ. ಏಳು ಚುಕ್ಕಿ ಇಟ್ಟರೆ ಒಂದು ಹೂವು ಬರುತ್ತದೆ, ಹದಿನೈದು ಚುಕ್ಕಿ ಇಟ್ಟರೆ ಹಂಸ, ಕಮಲ, ಬಳ್ಳಿ ಎಲ್ಲ ಬರುತ್ತವೆ. ಏಳು ಚುಕ್ಕಿಯ ಅಂಗಳದಲ್ಲಿ ಹಂಸ ಬರೆಯಲು ಹೋದರೆ ಅದು ಬಾತುಕೋಳಿಯೂ ಆಗುವುದಿಲ್ಲ.

ಐಬಿಎಂ ಕಂಪನಿ 1981ರಲ್ಲಿ ತನ್ನ ಪಿ.ಸಿ. ಮಾರಾಟಕ್ಕೆ ತಂದಾಗ ಎರಡು ಬಗೆಯ ಕಾರ್ಡು ಕೊಟ್ಟಿತು. ಒಂದು ಎಂಡಿಎ. ಅಕ್ಷರ ಬಹಳ ಸ್ಫುಟ, ಆದರೆ ಇಂಗ್ಲಿಷಿನವು ಮತ್ತು ಒಂದಿಷ್ಟು ಗೆರೆ, ಚಿಹ್ನೆಗಳು. ಕಾರ್ಡಿನಲ್ಲೇ ಕೆತ್ತಿಟ್ಟಂತೆ ಇರುತ್ತಿದ್ದವು. ಬೇರೆ ಚಿತ್ರ, ಬೇರೆ ಅಕ್ಷರ ಬರೆಯುವ ಹಾಗೇ ಇಲ್ಲ. ಇನ್ನೊಂದು ಸಿಜಿಎ, ಬಣ್ಣದ್ದು. ಅದಕ್ಕಿದ್ದ ನೆನಪಿನ ಶಕ್ತಿ 16 ಕಿಲೋಬೈಟ್. ಅಷ್ಟರಲ್ಲೇ ಸಂಸಾರ ತೂಗಿಸಬೇಕು. ನಾಲ್ಕು ಬಣ್ಣ ಬೇಕೆಂದರೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿ. ಅಡ್ಡಕ್ಕೆ 640 ಚುಕ್ಕಿ ಬೇಕೆಂದರೆ ಎರಡೇ ಬಣ್ಣ. ಏನೇ ಮಾಡಿದರೂ ಉದ್ದಕ್ಕೆ ಮಾತ್ರ 200ರ ಮೇಲೆ ಒಂದು ಚುಕ್ಕಿಯೂ ಇಲ್ಲ. ತಿಂಗಳ ದಿನಸಿಯ ದುಡ್ಡಿನಲ್ಲಿ ಬಳೆ ಕೊಂಡರೆ ಬೇಳೆಗೆ ಕಡಿಮೆ ಬೀಳುತ್ತದಲ್ಲ, ಹಾಗೆ.

ನಮ್ಮ ಜೇನುಬಣ್ಣದ ಪರದೆಯ ಹಿಂದೆ ಇದ್ದದ್ದು ಹರ್ಕ್ಯುಲಿಸ್ ಕಾರ್ಡು, 1982ರಲ್ಲಿ ಬಂದದ್ದು. ಅದಕ್ಕೆ 64 ಕಿಲೋಬೈಟ್. ಬಣ್ಣಕ್ಕೆ ಒಂದು ಕಾಸನ್ನೂ ಖರ್ಚು ಮಾಡದೆ ಎಲ್ಲವನ್ನೂ ಚುಕ್ಕಿಗೇ ಹಾಕಿತ್ತು: ಅಡ್ಡಕ್ಕೆ 720, ಉದ್ದಕ್ಕೆ 348. ನಮ್ಮ ಕನ್ನಡ ಪ್ರೋಗ್ರಾಂ ಪರದೆಗೆ 12 ಸಾಲು ತೋರಿಸುತ್ತಿತ್ತು. ಭಾಗಿಸಿ ನೋಡಿ. ಸಿಜಿಎಯಲ್ಲಿ ಒಂದು ಸಾಲಿಗೆ 16 ಚುಕ್ಕಿ ಎತ್ತರ, ಹರ್ಕ್ಯುಲಿಸ್‌ನಲ್ಲಿ 29. ಇಂಗ್ಲಿಷಿನ ಅಕ್ಷರಕ್ಕೆ ಎಂಟು ಚುಕ್ಕಿ ಸಿಕ್ಕರೂ ಹೇಗೋ ಬದುಕುತ್ತದೆ. ಅದು ಒಂದೇ ಅಂತಸ್ತಿನ ಮನೆ. ನಮ್ಮದು ಹಾಗಲ್ಲ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಅಟ್ಟ, ನಡುಮನೆ, ನೆಲಮಾಳಿಗೆ ಎಲ್ಲ ಬೇಕು. ಹದಿನಾರು ಚುಕ್ಕಿಯಲ್ಲಿ "ರಾಷ್ಟ್ರ" ಬರೆಯಿರಿ ನೋಡೋಣ.

ಮೊಟ್ಟೆಯಾಕಾರದ ಗುಟ್ಟು ಇನ್ನೊಂದು. ಪರದೆ ಅಡ್ಡಕ್ಕೆ ನಾಲ್ಕು ಪಾಲು, ಉದ್ದಕ್ಕೆ ಮೂರು ಪಾಲು. ಅದರಲ್ಲಿ 640 ಮತ್ತು 200 ಚುಕ್ಕಿ ಹಂಚಿದರೆ ಚುಕ್ಕಿಯೇ ಚೌಕವಾಗಿ ಬರದೆ ಅಗಲದ ಎರಡೂವರೆ ಪಾಲಿನಷ್ಟು ಎತ್ತರ ಆಗಿಬಿಡುತ್ತದೆ. ಹರ್ಕ್ಯುಲಿಸ್‌ನಲ್ಲೂ ಚೌಕವಲ್ಲ, ಆದರೆ ಒಂದೂವರೆಯಷ್ಟೆ. ದುಂಡು ದುಂಡಗಿನ ನಮ್ಮ ಲಿಪಿಗೆ ಇದೇನು ಸಣ್ಣ ವ್ಯತ್ಯಾಸವಲ್ಲ.

ಈ ಹರ್ಕ್ಯುಲಿಸ್ ಯಾಕೆ ಹುಟ್ಟಿತು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಓದಿ ತಿಳಿದಾಗ ಒಬ್ಬಳೇ ಕೂತು ಸಂತೋಷಪಟ್ಟೆ. ವ್ಯಾನ್ ಸುವನ್ನುಕುಲ್ ಎಂಬ ಥಾಯ್ಲೆಂಡಿನ ಮೂಲದವರು ಅಮೆರಿಕದಲ್ಲಿ ಡಾಕ್ಟರೇಟು ಮಾಡುತ್ತಿದ್ದರು. ಪ್ರಬಂಧವನ್ನು ಐಬಿಎಂ ಪಿ.ಸಿ.ಯಲ್ಲಿ ತಮ್ಮ ಥಾಯ್ ಲಿಪಿಯಲ್ಲಿ ಬರೆಯಬೇಕಿತ್ತು. ಎಂಡಿಎಯಲ್ಲಿ ಆ ಅಕ್ಷರವೇ ಇಲ್ಲ, ಸಿಜಿಎಯಲ್ಲಿ ಚುಕ್ಕಿ ಸಾಲದು. ಥಾಯ್ ಲಿಪಿಗೂ ನಮ್ಮ ಹಾಗೆಯೇ ಮೇಲೆ ಕೆಳಗೆ ಗುರುತುಗಳ ಕಾಟ. ಕಡೆಗೆ ಅವರು ತಾವೇ ಕಾರ್ಡು ಮಾಡಿದರು, ಅದೇ ಕಂಪನಿಯಾಯಿತು. ಲೋಕವೆಲ್ಲ ಅದನ್ನು ಕಚೇರಿಯ ಲೆಕ್ಕಪತ್ರಕ್ಕೆಂದು ಕೊಂಡಿತು, ಆದರೆ ಅದು ಹುಟ್ಟಿದ್ದು ತಾಯಿನುಡಿಯ ಅಕ್ಷರಕ್ಕೆ ಜಾಗ ಹುಡುಕುತ್ತಿದ್ದವರ ಕೈಯಲ್ಲಿ. ತಿಪಟೂರಿನ ಆ ಮೂಲೆಯಲ್ಲಿ ಅದು "ಲಕ್ಷ್ಮಿ"ಯನ್ನು ಅಷ್ಟು ಚೆನ್ನಾಗಿ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಮನೆಗೆ ಕಂಪ್ಯೂಟರ್ ತರುವ ಮಾತು ಎತ್ತಿದವರು ನಮ್ಮ ಕಡೆಯ ಒಬ್ಬ ಹೆಡ್‌ಮಾಸ್ಟರು. ಪ್ರಶ್ನೆಪತ್ರಿಕೆ, ಸಂಘದ ನೋಟೀಸು, ಅರ್ಜಿ ಎಲ್ಲಕ್ಕೂ ಕನ್ನಡ ಟೈಪಿಂಗಿಗೆ ಅವರು ತಿಪಟೂರಿಗೆ ಓಡಬೇಕಿತ್ತು. "ನಿಮ್ಮ ಹುಡುಗಿ ಮನೇಲೇ ಮಾಡಿಕೊಟ್ಟರೆ ನಾಲ್ಕು ಸ್ಕೂಲಿನ ಕೆಲಸ ನಾನೇ ಕೊಡಿಸುತ್ತೇನೆ" ಎಂದರು. ಅಪ್ಪ ಎರಡು ವಾರ ಯೋಚಿಸಿದರು. ಅಟ್ಟದ ಮೇಲೆ ಕಾಯಿ ಇತ್ತು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆ ವರ್ಷದ ಕಾಯಿ ನನ್ನ ಮದುವೆಯ ಲೆಕ್ಕದ್ದು. ಅಮ್ಮ ಅದನ್ನು ಮುಟ್ಟಬೇಡಿ ಎಂದು ಅತ್ತೂಕರೆದೂ ಹೇಳಿದರು. ಅಪ್ಪ ನನ್ನನ್ನು ಕರೆದು ಒಂದೇ ಮಾತು ಕೇಳಿದರು: "ದುಡಿದು ಅಷ್ಟು ಹಿಂದಕ್ಕೆ ತುಂಬ್ತೀಯಾ?" ತುಂಬುತ್ತೇನೆ ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ ಈಗಲೂ ತಿಳಿಯದು.

ಬೆಂಗಳೂರಿಗೆ ಹೋಗಿ ತರಬೇಕಾದವರು ಸೋದರಮಾವ ಮತ್ತು ಪಿ.ಯು.ಸಿ. ಓದುತ್ತಿದ್ದ ನನ್ನ ತಮ್ಮ. ನಾನು ಹೋಗುವ ಮಾತೇ ಬರಲಿಲ್ಲ. ಪೇಟೆಯ ವ್ಯವಹಾರಕ್ಕೆ ಹೆಣ್ಣುಮಗಳು ಯಾಕೆ? ಚೀಟಿಯಲ್ಲಿ ಬರೆದುಕೊಟ್ಟೆ: ಹರ್ಕ್ಯುಲಿಸ್ ಕಾರ್ಡು, ಅಂಬರ್ ಮಾನಿಟರು. ಅಡಿಗೆರೆ ಕೂಡ ಎಳೆದಿದ್ದೆ.

ಎಸ್.ಪಿ. ರಸ್ತೆಯ ಅಂಗಡಿಯವರು ಚೀಟಿ ನೋಡಿ ನಕ್ಕರಂತೆ. "ಅದೇ ದುಡ್ಡಿಗೆ ಬಣ್ಣದ್ದೇ ಕೊಡುತ್ತೇನೆ, ಸ್ವಲ್ಪ ಬಳಸಿದ್ದು ಅಷ್ಟೆ" ಎಂದರಂತೆ. ಹದಿನೇಳು ವರ್ಷದ ಹುಡುಗನಿಗೆ ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೇನಿದೆ! ಮಾವನಿಗೂ ಲಾಭವೆಂದೇ ಅನ್ನಿಸಿತು.

ಬಸ್ಸಿನಿಂದ ಇಳಿಸಿ ಮನೆಗೆ ತಂದ ಸಂಜೆ ನಡುಮನೆ ತುಂಬಿ ಹೋಯಿತು. ಅಮ್ಮ ಪರದೆಯ ಮೇಲೆ ಕುಂಕುಮವಿಟ್ಟರು. ತಮ್ಮ ಚಿತ್ರ ಹಾಕಿದ. ತಿಳಿನೀಲಿ, ಗಾಢ ಗುಲಾಬಿ, ಬಿಳಿ, ಕಪ್ಪು. ಆ ನಾಲ್ಕೇ ಬಣ್ಣಕ್ಕೆ ಬೀದಿಯವರೆಲ್ಲ ಬಾಯಿ ಬಿಟ್ಟು ನೋಡಿದರು. "ಏನ್ ಚೆಂದಾಗೈತೆ ಕಣವ್ವಾ" ಎಂದು ಪಕ್ಕದ ಮನೆಯ ಅಜ್ಜಿ ನನ್ನ ಗಲ್ಲ ಹಿಡಿದರು. ನನಗೆ ಕಾರ್ಡಿನ ಹೆಸರು ಓದುವ ಅಗತ್ಯವೇ ಇರಲಿಲ್ಲ. ಅಷ್ಟು ಜನ ಖುಷಿಯಲ್ಲಿರುವಾಗ ಹೇಳುವುದು ಹೇಗೆ? ರಾತ್ರಿ ಎಲ್ಲರೂ ಹೋದ ಮೇಲೆ ಕನ್ನಡದ ಫ್ಲಾಪಿ ಹಾಕಿ ನೋಡಿದೆ. ಅದೇ ಸತ್ತ ಇರುವೆ.

ಮೂರು ದಿನ ಸುಮ್ಮನಿದ್ದೆ. ಹೇಗಾದರೂ ಹೊಂದಿಸಿಕೊಳ್ಳೋಣ ಎಂದು ಒಂದು ಪ್ರಶ್ನೆಪತ್ರಿಕೆ ಪೂರ್ತಿ ಹೊಡೆದೆ. ಕಣ್ಣು ಉರಿ. "ಸ್ತ್ರೀ" ಎಂದು ಬರಬೇಕಾದ ಕಡೆ ರಾವತ್ತು ಬಿಟ್ಟುಹೋಗಿತ್ತು. ಪರದೆಯ ಮೇಲೆ ಬಿಟ್ಟದ್ದಕ್ಕೂ ಬಿಡದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ನಾಲ್ಕನೆಯ ರಾತ್ರಿ ಅಪ್ಪನ ಹತ್ತಿರ ಹೋಗಿ ಹೇಳಿದೆ. ತಮ್ಮ ಕೂಗಾಡಿದ. ಮಾವನಿಗೆ ಅವಮಾನವಾಯಿತು. ಎರಡಕ್ಷರ ಕಲಿತ ಹುಡುಗಿ ಬಂದ ಲಕ್ಷ್ಮಿಯನ್ನು ಹೊರಗೆ ಹಾಕುತ್ತಾಳೆ ಎಂದು ಅತ್ತೆಯೊಬ್ಬರು ಹೇಳಿದ್ದು ಅಡಿಗೆಮನೆಗೆ ಕೇಳಿಸಿತು. ಲಕ್ಷ್ಮಿಗಾಗಿಯೇ ಇಷ್ಟೆಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ಎದ್ದು ಬಂದು ಪರದೆಯನ್ನು ನೋಡಿದರು. ಅವರು ನಾಲ್ಕನೆಯ ಇಯತ್ತೆ. "ಇದು ಏನು ಬರ್ದಿರೋದು?" ಎಂದು ಕೇಳಿದರು. ಹೇಳಿದೆ. ಇನ್ನೊಮ್ಮೆ ಬಗ್ಗಿ ನೋಡಿ, "ಇಲ್ಲ, ಹಂಗೆ ಓದಕ್ಕೆ ಬರಲ್ಲ. ನಾಳೆ ನೀನೇ ಬಾ" ಎಂದರು.

ಕಾರ್ಡನ್ನು ನಾನೇ ಬಿಚ್ಚಿದೆ. ಒಂದೇ ತಿರುಪು. ಮೇಷ್ಟ್ರು ಬಿಚ್ಚುವುದನ್ನು ನೋಡಿದ್ದೆನಲ್ಲ. ಮಾನಿಟರನ್ನೂ ಒಯ್ಯಬೇಕಿತ್ತು. ಎರಡು ಬಗೆಯ ಕಾರ್ಡಿಗೂ ಒಂಬತ್ತೇ ತೂತಿನ ಒಂದೇ ಆಕಾರದ ಬಾಯಿ. ನೋಡಿದರೆ ಒಂದರದು ಇನ್ನೊಂದಕ್ಕೆ ಹೊಂದುತ್ತದೆ, ಆದರೆ ಒಳಗಿನ ಓಟ ಬೇರೆ. ತಿಪಟೂರಿನಲ್ಲಿ ಒಬ್ಬ ಹುಡುಗ ಹಾಗೆ ತಪ್ಪಾಗಿ ಸಿಕ್ಕಿಸಿದಾಗ ಅಂಬರ್ ಪರದೆ ಕೀಚಲು ದನಿಯಲ್ಲಿ ಕಿರುಚಿದ್ದು ನನ್ನ ಕಿವಿಯಲ್ಲಿತ್ತು. ಹೀಗಾಗಿ ಮಾನಿಟರು ಕಂಬಳಿಯಲ್ಲಿ, ಕಾರ್ಡು ಅಪ್ಪನ ಟವೆಲಿನಲ್ಲಿ, ತಿಪಟೂರಿನಿಂದ ರೈಲು. ತಮ್ಮ ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದ.

ಅಂಗಡಿಯವರು ಒಪ್ಪುವ ಲಕ್ಷಣ ಕಾಣಲಿಲ್ಲ. ಅವರ ವಾದ ಹುರುಳಿಲ್ಲದ್ದೇನೂ ಅಲ್ಲ. "ಪರದೆ ಮೇಲೆ ಹೇಗಾದರೂ ಕಾಣಲಮ್ಮ, ಪ್ರಿಂಟರು ಕಾಗದದ ಮೇಲೆ ಸರಿಯಾಗೇ ಬರೆಯುತ್ತೆ. ಕಾರ್ಡಿಗೂ ಅದಕ್ಕೂ ಏನು ಸಂಬಂಧ?" ಎಂದರು. ಅದು ಸರಿಯೇ. ಪ್ರಿಂಟರಿನ ಸೂಜಿಗಳಿಗೆ ಪರದೆಯ ಕಾರ್ಡಿನ ಹಂಗಿಲ್ಲ. ನನಗೆ ಒಂದು ಗಳಿಗೆ ಕಾಲ ಕೆಳಗಿನ ನೆಲ ಜಾರಿತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದೆ: "ನಾನು ಹೊಡೆಯುವುದು ಕಾಗದಕ್ಕಲ್ಲ, ಸ್ಟೆನ್ಸಿಲ್‌ಗೆ. ರಿಬ್ಬನ್ ತೆಗೆದು ಸೂಜಿಯಿಂದ ಸ್ಟೆನ್ಸಿಲ್ ಕತ್ತರಿಸಿದ ಮೇಲೆ ತಪ್ಪು ಕಂಡರೆ ಹಾಳೆ ಹೋಯಿತು. ತಪ್ಪು ನನಗೆ ಮೊದಲೇ ಪರದೆಯ ಮೇಲೆ ಕಾಣಬೇಕು." ಎರಡು ಯಂತ್ರ ಪಕ್ಕಪಕ್ಕ ಇಡಿಸಿ, ಫ್ಲಾಪಿ ಹಾಕಿ ಎರಡರಲ್ಲೂ "ಲಕ್ಷ್ಮಿ" ಹೊಡೆದು ತೋರಿಸಿದೆ. ಅಂಗಡಿಯ ಹುಡುಗನೊಬ್ಬ ಕನ್ನಡದವನು, ಜೋರಾಗಿ ಓದಿದ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ತಡವರಿಸಿದ. ಅಷ್ಟು ಸಾಕಾಯಿತು. ಬದಲಿಸಿಕೊಟ್ಟರು, ಒಂದಿಷ್ಟು ಮುರಿದುಕೊಂಡೇ ಕೊಟ್ಟರು. ಅಪ್ಪ ಹೊಸ ಕಾರ್ಡನ್ನು ಕೈಗೆ ತೆಗೆದುಕೊಂಡು, ಅಭ್ಯಾಸಬಲ ನೋಡಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಗಡಗಡ ಎನ್ನಲಿಲ್ಲ. ಕಾರ್ಡಿನ ವಿಷಯದಲ್ಲಿ ಅದು ಒಳ್ಳೆಯ ಲಕ್ಷಣವೇ.

ಹೊರಡುವಾಗ ತಮ್ಮ ನನ್ನ ಸೆರಗು ಎಳೆದು ಮೂಲೆಗೆ ಕೈ ತೋರಿಸಿದ. ಅಲ್ಲಿ ವಿಜಿಎ ಇತ್ತು. ಐಬಿಎಂ 1984ರಲ್ಲಿ ಇಜಿಎ ಎಂದು ಒಂದನ್ನು ತಂದಿತ್ತು, 640 ಕ್ಕೆ 350 ಚುಕ್ಕಿ, 16 ಬಣ್ಣ. ಅದು ನಮ್ಮ ಕಡೆ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ. 1987ರಲ್ಲಿ ಬಂದದ್ದು ಈ ವಿಜಿಎ: 640 ಕ್ಕೆ 480 ಚುಕ್ಕಿ, 16 ಬಣ್ಣ, ಚುಕ್ಕಿ ಕಡಿಮೆ ಮಾಡಿದರೆ ಒಟ್ಟಿಗೆ 256 ಬಣ್ಣ. 640 ಮತ್ತು 480 ಎಂದರೆ ಸರಿಯಾಗಿ ನಾಲ್ಕಕ್ಕೆ ಮೂರು. ಚುಕ್ಕಿ ಕಟ್ಟಕಡೆಗೂ ಚೌಕ. ವೃತ್ತ ಬರೆದರೆ ವೃತ್ತ. ಬಣ್ಣವೂ ಬೇಕು ಅಕ್ಷರವೂ ಬೇಕು ಎಂದವರಿಗೆ ಇಬ್ಬರನ್ನೂ ಮುನಿಸದೆ ಎರಡನ್ನೂ ಕೊಡುವ ಕಾರ್ಡು ಅದು. ಬೆಲೆ ಕೇಳಿದೆವು. ಕಾರ್ಡು, ಅದಕ್ಕೆ ಒಗ್ಗುವ ಪರದೆ ಸೇರಿ ಮುಂದಿನ ವರ್ಷದ ಅಟ್ಟವೂ ಬರಿದಾಗಬೇಕು. ಅಪ್ಪ ನನ್ನ ಕಡೆ ನೋಡಿದರು. ನಾನು ಹೂಂ ಎಂದಿದ್ದರೆ ಸಾಲ ಮಾಡಿಯಾದರೂ ಕೊಡಿಸುತ್ತಿದ್ದರೇನೋ. ಬೇಡ ಎಂದೆ. ತಮ್ಮ ರೈಲಿನಲ್ಲಿ ಒಂದು ಮಾತೂ ಆಡಲಿಲ್ಲ.

ಇಲ್ಲಿ ಅವನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸಿಜಿಎ ಬೇಡವೆಂದದ್ದರಲ್ಲಿ ನಾನು ಸರಿ, ವಿಜಿಎ ಬೇಕೆಂದದ್ದರಲ್ಲಿ ಅವನು ಸರಿ. ಮುಂದೆ ವಿಂಡೋಸ್ 95 ಬಂದಾಗ ಅದು ವಿಜಿಎಗಿಂತ ಕಡಿಮೆಯದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಆಗಲೇ ಕೊಂಡಿದ್ದರೆ ಕಾರ್ಡನ್ನೂ ಪರದೆಯನ್ನೂ ಹೊಸ ಯಂತ್ರಕ್ಕೆ ಹಾಕಿಕೊಳ್ಳಬಹುದಿತ್ತು. ಆದರೆ 1991ರಲ್ಲಿ ಆ ಅಟ್ಟ ಬರಿದಾಗಿದ್ದರೆ ಅಮ್ಮನಿಗೆ ಮುಖ ತೋರಿಸುವುದು ಹೇಗಿತ್ತು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ, ನನ್ನ ಲೆಕ್ಕದಲ್ಲಿತ್ತು.

ಊರಿಗೆ ಬಂದು ಕಾರ್ಡು ಸಿಕ್ಕಿಸಿ ಗುಂಡಿ ಒತ್ತಿದರೆ ಪರದೆ ಕಪ್ಪಗೆ, ಪೆಟ್ಟಿಗೆಯಿಂದ ಸದ್ದು: ಒಂದು ಉದ್ದ, ಎರಡು ಗಿಡ್ಡ. ನನ್ನ ಕೈಕಾಲು ತಣ್ಣಗಾದವು. ಮೂರು ಸಲ ಮಾಡಿದರೂ ಅದೇ. ರಾತ್ರಿ ಹತ್ತಕ್ಕೆ ತಮ್ಮ ತಾನಾಗಿ ಎದ್ದು ಬಂದ. ಅಂಗಡಿಯಲ್ಲಿ ಆ ಹುಡುಗ ದೊಡ್ಡ ಹಲಗೆಯ ಮೇಲಿನ ಪುಟ್ಟ ಪುಟ್ಟ ಸ್ವಿಚ್ಚುಗಳನ್ನು ಕಡ್ಡಿಯಿಂದ ಸರಿಸುತ್ತಿದ್ದದ್ದನ್ನು ಅವನು ಗಮನಿಸಿದ್ದನಂತೆ. ಯಂತ್ರ ಇನ್ನೂ ಬಣ್ಣದ ಕಾರ್ಡನ್ನೇ ಹುಡುಕುತ್ತಿತ್ತು. ಅದು ಹೋಯಿತೆಂದು ಅದಕ್ಕೆ ಹೇಳಬೇಕಿತ್ತು. ಬೆಂಕಿಕಡ್ಡಿಯಿಂದ ಸ್ವಿಚ್ಚು ಸರಿಸಿದ. ಜೇನುಬಣ್ಣ ಹೊತ್ತಿಕೊಂಡಿತು. ನನ್ನ ಮುಖ ನೋಡದೆ ಹೋಗಿ ಮಲಗಿದ.

ಆಮೇಲಿನದು ಬೇಗ ಹೇಳಿಬಿಡುವಂಥದು. ಹೆಡ್‌ಮಾಸ್ಟರು ಮಾತು ಉಳಿಸಿಕೊಂಡರು. ಪರೀಕ್ಷೆಯ ತಿಂಗಳುಗಳಲ್ಲಿ ರಾತ್ರಿಯ ಕರೆಂಟಿಗೆ ಕಾದು ಕೂತು ಹೊಡೆಯುತ್ತಿದ್ದೆ. ಸ್ಟೆನ್ಸಿಲ್ಲಿನ ಮೇಣದ ವಾಸನೆ, ಸೂಜಿಗಳ ಕರಕರ, ಅಟ್ಟದಿಂದ ಇಳಿಯುವ ಒಣಕಾಯಿಯ ದೂಳು. ಎರಡು ವರ್ಷದಲ್ಲಿ ಅಟ್ಟದ ಸಾಲ ತೀರಿತು, ಬಿ.ಎಡ್. ಶುಲ್ಕವನ್ನೂ ಆ ಪರದೆಯೇ ಕಟ್ಟಿತು. ಮದುವೆ ಸ್ವಲ್ಪ ತಡವಾಯಿತು, ಅಷ್ಟೆ. ತಮ್ಮ ಎಲ್ಲಿಂದಲೋ ಸಿಮ್‌ಸಿಜಿಎ ಎಂಬ ಪುಟ್ಟ ಪ್ರೋಗ್ರಾಂ ತಂದ. ಅದನ್ನು ಮೊದಲು ಹಾಕಿದರೆ ಹರ್ಕ್ಯುಲಿಸ್ ಕಾರ್ಡು ತಾನೇ ಸಿಜಿಎ ಎಂದು ಸುಳ್ಳು ಹೇಳುತ್ತಿತ್ತು. ಬಣ್ಣದ ಕಾರ್ಡಿಗೆ ಬರೆದ ಆಟಗಳೆಲ್ಲ ಕಪ್ಪು-ಹಳದಿಯಲ್ಲಿ ಓಡುತ್ತಿದ್ದವು. ಅಂತೂ ನನ್ನ ಪಾಳಿ ಮುಗಿದ ಮೇಲೆ ಅವನ ಪಾಳಿ.

ಕನ್ನಡಕ್ಕೆಂದೇ ಮಾಡಿದ ಕಾರ್ಡೂ ಒಂದಿತ್ತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜಿಸ್ಟ್ ಎಂದು ಅದರ ಹೆಸರು. ಕಾನ್ಪುರದ ಐಐಟಿಯಲ್ಲಿ ಶುರುವಾದ ಕೆಲಸ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿದ ಮೇಲೆ ಅಲ್ಲಿಂದ ಹೊರಬಂತು. ಅದರಲ್ಲಿ ನಮ್ಮ ದೇಶದ ಲಿಪಿಗಳು ಕಾರ್ಡಿನೊಳಗೇ ಇದ್ದವು. ನಮ್ಮ ಹಾಗೆ ಕನ್ನಡದ ಪ್ರೋಗ್ರಾಮಿನೊಳಗೆ ಮಾತ್ರ ಕನ್ನಡವಲ್ಲ, ಇಂಗ್ಲಿಷಿಗೆಂದು ಬರೆದ ಲೆಕ್ಕಪತ್ರದ ಪ್ರೋಗ್ರಾಮಿನಲ್ಲೂ ಕನ್ನಡದಲ್ಲಿ ಹೆಸರು ತುಂಬಬಹುದಿತ್ತು. ತುಮಕೂರಿನ ಒಂದು ಕಚೇರಿಯಲ್ಲಿ ಒಮ್ಮೆ ನೋಡಿದೆ. ಹೆಸರುಗಳ ಪಟ್ಟಿ, ಸಾಲಿಗೊಂದು ಕನ್ನಡದ ಹೆಸರು. ನಮ್ಮಂಥವರ ಮನೆಗೆ ಬರುವ ಬೆಲೆಯದಲ್ಲ ಅದು. ಮುಂದೆ ಕಾರ್ಡಿನ ಹಂಗೇ ಬೇಡವಾಯಿತು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡದ ಅಕ್ಷರವೇ ಜೊತೆಗೆ ಬಂತು. ಯೂನಿಕೋಡಿನ ಮೊದಲ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಮಾತ್ರ ನಾವು ರೈಲಿನಲ್ಲಿ ಮಾನಿಟರು ಹೊತ್ತು ಹೋದ ಅದೇ 1991ರಲ್ಲಿ.

ಅಪ್ಪ ಈಗಿಲ್ಲ. ಶೆಟ್ಟಿಕೆರೆಯ ಮನೆಯಲ್ಲಿ ತಮ್ಮನ ಸಂಸಾರವಿದೆ, ಅಟ್ಟದಲ್ಲಿ ಕಾಯಿಯೂ ಇದೆ. ಹೋದ ಬೇಸಿಗೆಯಲ್ಲಿ ಅವನ ಮಗಳು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವಳು, ತಾನು ಕೊಂಡ ಹೊಸ ಗ್ರಾಫಿಕ್ಸ್ ಕಾರ್ಡಿನ ಫೋಟೋ ತೋರಿಸಿದಳು. ಇಟ್ಟಿಗೆಯಷ್ಟು ದಪ್ಪ, ಅದಕ್ಕೆ ಎರಡು ಫ್ಯಾನು. ನೆನಪಿನ ಶಕ್ತಿ 8 ಗಿಗಾಬೈಟ್ ಎಂದಳು. ನಾನು ಹಳೆಯ ಮೇಷ್ಟ್ರಿಣಿ, ಸುಮ್ಮನಿರಲಾಗದೆ ಲೆಕ್ಕ ಹಾಕಿದೆ: ನಮ್ಮ ಹರ್ಕ್ಯುಲಿಸ್‌ಗಿಂತ 1,31,072 ಪಟ್ಟು. ನಂಬದೆ ಅವಳೂ ಫೋನಿನಲ್ಲಿ ಹಾಕಿ ನೋಡಿದಳು.

"ನಿಮ್ಮ ಕಾರ್ಡು ಇನ್ನೂ ಇದೆಯಾ ಅತ್ತೆ?" ಎಂದು ಕೇಳಿದಳು. ನಾನು ಇಲ್ಲವೆನ್ನಲು ಹೊರಟಿದ್ದೆ. ತಮ್ಮ ಎದ್ದು ಏಣಿ ಹಾಕಿ ಅಟ್ಟ ಹತ್ತಿದ. ಕಾಯಿಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ ತಂದ. ಒಳಗೆ ಅಪ್ಪನ ಟವೆಲು, ಅದರೊಳಗೆ ಕಾರ್ಡು, ಬಂಗಾರದ ಹಲ್ಲುಗಳು ಸ್ವಲ್ಪ ಕಪ್ಪಾಗಿದ್ದವು. ಮೂವತ್ತು ಚಿಲ್ಲರೆ ವರ್ಷದಿಂದ ಯಾರು ಅದನ್ನು ಹಾಗೆ ಇಟ್ಟಿದ್ದರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಗಳ ಕೈಗೆ ಕೊಟ್ಟು, "ಇದರಲ್ಲಿ ಬಣ್ಣ ಬರಲ್ಲ ಕಣಮ್ಮ, ನಿಮ್ಮತ್ತೆ ಬೇಡ ಅಂದ್ಬಿಟ್ಟಳು" ಎಂದ. ಅವಳು ಅದನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗಿದ್ದಾಳೆ. ಟವೆಲನ್ನು ಮಾತ್ರ ನಾನು ಇಟ್ಟುಕೊಂಡೆ.